ತಿಂಗಳ ನೋವನ್ನು ಸಹಿಸಲೇಬೇಕೇ?

ನಮ್ಮ ಧರ್ಮೋಪದೇಶ ತರಗತಿಯ ಹಾಜರಿ ಪುಸ್ತಕದಲ್ಲಿ ಓರ್ವ ಬಾಲಕಿಯ ಹೆಸರಿನ ಮುಂದೆ ತಿಂಗಳಿಗೊಂದು ಭಾನುವಾರ ಗೈರುಹಾಜರಿಯ ಗುರುತು ಬೀಳುತ್ತಿತ್ತು. ವಿಚಾರಿಸಲಾಗಿ ತಾಯಿ, "ಮುಟ್ಟಿನ ನೋವು ಫಾದರ್, ಹೆಣ್ಣಾಗಿ ಹುಟ್ಟಿದ ಮೇಲೆ ಸಹಿಸಬೇಕಲ್ಲವೇ?" ಎಂದರು. ಪ್ರಾರ್ಥಿಸುತ್ತೇನೆಂದಷ್ಟೇ ಹೇಳಿ ಕಳುಹಿಸಿದೆ. ಆ ಉತ್ತರಕ್ಕಾಗಿ ಇಂದಿಗೂ ನನಗೆ ನಾಚಿಕೆಯಿದೆ. ಐದು ವರ್ಷಗಳ ತರುವಾಯ ವೈದ್ಯರು ಆಕೆಯ ವ್ಯಾಧಿಯ ಹೆಸರನ್ನು ತಿಳಿಸಿದರು: ಎಂಡೊಮೆಟ್ರಿಯೋಸಿಸ್.

ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶವು ಗರ್ಭಕೋಶದ ಹೊರಗೆ, ಅಂಡಾಶಯ, ಅಂಡನಾಳ, ಕೆಲವೊಮ್ಮೆ ಕರುಳಿನ ಮೇಲೂ ಬೆಳೆಯುವುದೇ ಈ ರೋಗ. ಅದು ಉರಿಯೂತವನ್ನುಂಟುಮಾಡುತ್ತದೆ; ಕ್ರಮೇಣ ಒಳ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುವುದೂ ಉಂಟು. ಇದು ಕ್ಯಾನ್ಸರ್ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಪ್ರಜನನ ವಯಸ್ಸಿನ ಸ್ತ್ರೀಯರಲ್ಲಿ ಸುಮಾರು ಶೇ. 10ರಷ್ಟು ಮಂದಿಯನ್ನು ಇದು ಬಾಧಿಸುತ್ತದೆ. ರೋಗ ಪತ್ತೆಯಾಗಲು ಹಲವು ವರ್ಷಗಳೇ ಹಿಡಿಯುತ್ತವೆ.

ಈ ವಿಳಂಬಕ್ಕೆ ನಮ್ಮ ಮಾತುಗಳೂ ಕಾರಣ. ಸೆಮಿನರಿಯ ತರ್ಕಶಾಸ್ತ್ರದಲ್ಲಿ ಪದಗಳನ್ನು ಬೇರ್ಪಡಿಸಿ ನೋಡಲು ಕಲಿತವನು ನಾನು. ಅನೇಕರಿಗೆ ಬರುವುದು 'ಸಾಮಾನ್ಯ'ವಿರಬಹುದು. ಅಷ್ಟರಿಂದಲೇ ಅದು 'ಸಹಜ'ವಾಗದು. "ಮದುವೆಯಾದರೆ ಸರಿಹೋಗುತ್ತದೆ" ಎಂಬುದಂತೂ ಚಿಕಿತ್ಸೆಯಲ್ಲ.

ನೋವಿನಿಂದ ಶಾಲೆ, ಕೆಲಸ ತಪ್ಪುತ್ತಿದ್ದರೆ, ಮಾತ್ರೆಗೂ ಬಗ್ಗದಿದ್ದರೆ, ಮುಟ್ಟಿಲ್ಲದ ದಿನಗಳಲ್ಲೂ ಕಿಬ್ಬೊಟ್ಟೆ ನೋಯುತ್ತಿದ್ದರೆ, ಮಲಮೂತ್ರ ವಿಸರ್ಜನೆಯ ವೇಳೆ ಅಥವಾ ದಾಂಪತ್ಯ ಸಂಬಂಧದಲ್ಲಿ ನೋವಿದ್ದರೆ, ಮಕ್ಕಳಾಗುವುದು ತಡವಾಗುತ್ತಿದ್ದರೆ ಸ್ತ್ರೀರೋಗ ತಜ್ಞರನ್ನು ಕಾಣಬೇಕು. ಹಠಾತ್ತನೆ ಅಸಾಧ್ಯ ನೋವು, ಜ್ವರ ಅಥವಾ ಮೂರ್ಛೆ ಬಂದರೆ ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣಲಿಲ್ಲವೆಂದ ಮಾತ್ರಕ್ಕೆ ರೋಗವಿಲ್ಲವೆನ್ನಲಾಗದು. ಕೆಲವರಿಗೆ ಲ್ಯಾಪರೋಸ್ಕೋಪಿ ಬೇಕಾದೀತು. ರೋಗವನ್ನು ಬುಡಸಹಿತ ಕೀಳುವ ಔಷಧಿ ಇನ್ನೂ ಇಲ್ಲ. ಆದರೆ ನೋವುನಿವಾರಕ, ಹಾರ್ಮೋನು ಚಿಕಿತ್ಸೆ, ಶಸ್ತ್ರಕ್ರಿಯೆಗಳಿಂದ ಅನೇಕರಿಗೆ ಉಪಶಮನ ದೊರೆಯುತ್ತದೆ.

ಹಾರ್ಮೋನು ಮಾತ್ರೆ ಎಂದೊಡನೆ ಕೆಲವು ಕುಟುಂಬಗಳು, ಇದು ಗರ್ಭನಿರೋಧಕವಲ್ಲವೇ, ಪಾಪವಲ್ಲವೇ ಎಂದು ಅಂಜಿ ವೈದ್ಯರ ಚೀಟಿಯನ್ನು ಬದಿಗಿಡುತ್ತವೆ. ಜಗದ್ಗುರು ಆರನೆಯ ಪೌಲರು 1968ರ 'ಹ್ಯುಮಾನೆ ವೀತೆ' ಪರಿಪತ್ರದ 15ನೆಯ ಪರಿಚ್ಛೇದದಲ್ಲಿ ಇದಕ್ಕೆ ಉತ್ತರಿಸಿದ್ದಾರೆ. ಗರ್ಭಧಾರಣೆಗೆ ತಡೆಯಾಗುವುದೆಂದು ಮೊದಲೇ ತಿಳಿದಿದ್ದರೂ, ಆ ತಡೆಯೇ ಉದ್ದೇಶವಲ್ಲದಿದ್ದರೆ, ದೇಹದ ರೋಗಕ್ಕೆ ಅಗತ್ಯವಾದ ಚಿಕಿತ್ಸೆಯನ್ನು ಧರ್ಮಸಭೆ ನಿಷೇಧಿಸುವುದಿಲ್ಲ. ಸಂದೇಹವಿದ್ದವರು ನಿಮ್ಮ ಧರ್ಮಕೇಂದ್ರದ ಗುರುಗಳನ್ನು ಸಂಕೋಚವಿಲ್ಲದೆ ಕೇಳಿರಿ.

ವೈದ್ಯರ ಬಳಿಗೆ ಹೋಗುವ ಮುನ್ನ ನೋವು ಬಂದ ದಿನಗಳನ್ನೂ ಅದರ ತೀವ್ರತೆಯನ್ನೂ ಬರೆದಿಟ್ಟುಕೊಂಡರೆ ಅವರಿಗೆ ಅನುಕೂಲ. ಅದಕ್ಕೆ ಬೇರೆ ಪುಸ್ತಕವೇಕೆ? ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಹಬ್ಬದ ದಿನಗಳ ಪಕ್ಕದಲ್ಲೇ ಗುರುತು ಹಾಕಿದರೆ ಸಾಕು.