ಮೃದು ಪ್ಲಾಸ್ಟಿಕ್ ಸ್ವಿಮ್‌ಬೇಟ್

ಮೃದು ಪ್ಲಾಸ್ಟಿಕ್ ಸ್ವಿಮ್‌ಬೇಟ್ ಎಂಬುದು ಗಾಳದ ಮೀನುಗಾರಿಕೆಯಲ್ಲಿ ಬಳಸುವ, ಸಣ್ಣ ಮೀನನ್ನು ಹೋಲುವ ಕೃತಕ ಎರೆ. ಮೆದುವಾದ ಪ್ಲಾಸ್ಟಿಕ್ಕಿನಿಂದ ಎರಕ ಹೊಯ್ದ ಇದನ್ನು ನೀರಿನಲ್ಲಿ ಎಳೆದಾಗ ಬಾಲವು ಎಡಕ್ಕೂ ಬಲಕ್ಕೂ ಬಡಿದುಕೊಳ್ಳುತ್ತದೆ. ಅದರಿಂದ ಎರೆಯು ಜೀವಂತ ಮೀನಿನಂತೆ ಈಜುತ್ತಿರುವಂತೆ ತೋರುತ್ತದೆ. ಉತ್ತರ ಅಮೆರಿಕದ ಸಿಹಿನೀರಿನ ಸರೋವರ, ಜಲಾಶಯ ಮತ್ತು ನದಿಗಳಲ್ಲಿ ಬಾಸ್ ಮೀನನ್ನು ಹಿಡಿಯಲು ಇದನ್ನು ಹೆಚ್ಚಾಗಿ ಬಳಸಲಾಗುತ್ತದೆ. ಜಪಾನಿನಲ್ಲಿಯೂ ಇದರ ಬಳಕೆ ವ್ಯಾಪಕವಾಗಿದೆ.

ಈ ಎರೆಯಲ್ಲಿ ಚಲನೆಯನ್ನು ಉಂಟುಮಾಡುವುದು ಮೀನುಗಾರನ ಕೈಯಲ್ಲ, ಎರೆಯ ಬಾಲ. ಆದ್ದರಿಂದ ಇದರ ತಂತ್ರವೆಲ್ಲ ಎರೆಯನ್ನು ನೇರವಾಗಿ ಪೋಣಿಸುವುದು, ತಕ್ಕ ಆಳದಲ್ಲಿ ಉಳಿಸುವುದು ಮತ್ತು ತಕ್ಕ ವೇಗದಲ್ಲಿ ಎಳೆಯುವುದು ಎಂಬ ಮೂರು ಸಂಗತಿಗಳಲ್ಲಿ ಅಡಗಿದೆ.

ಬಾಸ್ ಮೀನು

ಇಲ್ಲಿ ಬಾಸ್ ಎಂದರೆ ಮೈಕ್ರಾಪ್ಟೆರಸ್ ಕುಲಕ್ಕೆ ಸೇರಿದ ಸಿಹಿನೀರಿನ ಮೀನುಗಳು. ಹೋಟೆಲುಗಳ ಪಟ್ಟಿಯಲ್ಲಿ ಕಾಣುವ 'ಸೀ ಬಾಸ್' ಬೇರೆ ಕುಟುಂಬಗಳಿಗೆ ಸೇರಿದ ಮೀನು. ಹೆಸರಿನ ಹೋಲಿಕೆಯಿಂದ ಎರಡನ್ನೂ ಒಂದೆಂದು ತಿಳಿಯಬಾರದು. ಈ ಕುಲದಲ್ಲಿ ಲಾರ್ಜ್‌ಮೌತ್, ಸ್ಮಾಲ್‌ಮೌತ್ ಮತ್ತು ಸ್ಪಾಟೆಡ್ ಬಾಸ್ ಎಂಬವು ಹೆಚ್ಚು ಪ್ರಸಿದ್ಧವಾದವು. ಲಾರ್ಜ್‌ಮೌತ್ ಬಾಸ್ ಹೆಸರಿಗೆ ತಕ್ಕಂತೆ ದೊಡ್ಡ ಬಾಯಿಯ ಮೀನು. ಬಾಯಿ ಮುಚ್ಚಿದಾಗಲೂ ಅದರ ಮೇಲ್ದವಡೆ ಕಣ್ಣನ್ನು ದಾಟಿ ಹಿಂದಕ್ಕೆ ಚಾಚಿರುತ್ತದೆ.

ಬಾಸ್ ಬೇಟೆಯಾಡುವ ರೀತಿಯನ್ನು ತಿಳಿಯದೆ ಸ್ವಿಮ್‌ಬೇಟಿನ ತಂತ್ರ ಅರ್ಥವಾಗುವುದಿಲ್ಲ. ಅದು ಜೊಂಡು, ಮುಳುಗಿದ ಮರ, ಬಂಡೆ ಮೊದಲಾದವುಗಳ ಮರೆಯಲ್ಲಿ ನಿಂತು, ಹತ್ತಿರ ಸುಳಿಯುವ ಸಣ್ಣ ಮೀನಿನ ಮೇಲೆ ಎರಗುತ್ತದೆ. ಎರಗಿದ ಕ್ಷಣದಲ್ಲಿ ಬಾಯಿಯನ್ನೂ ಕಿವಿರಿನ ಮುಚ್ಚಳಗಳನ್ನೂ ಒಮ್ಮೆಲೇ ಅಗಲಿಸಿ, ಸುತ್ತಲಿನ ನೀರಿನೊಡನೆ ಬೇಟೆಯನ್ನು ಒಳಕ್ಕೆ ಹೀರಿಕೊಳ್ಳುತ್ತದೆ. ಕಣ್ಣಿನ ಜೊತೆಗೆ, ಮೈಯ ಎರಡು ಬದಿಗಳಲ್ಲಿರುವ ಪಾರ್ಶ್ವರೇಖೆ ಎಂಬ ಇಂದ್ರಿಯದಿಂದ ನೀರಿನ ಅಲುಗಾಟವನ್ನು ಗ್ರಹಿಸುತ್ತದೆ. ಕದಡಿದ ನೀರಿನಲ್ಲಿಯೂ ರಾತ್ರಿಯಲ್ಲಿಯೂ ಸ್ವಿಮ್‌ಬೇಟ್ ಫಲ ಕೊಡುವುದಕ್ಕೆ ಬಾಲದ ಬಡಿತವನ್ನು ಈ ಇಂದ್ರಿಯ ಗ್ರಹಿಸುವುದೇ ಮುಖ್ಯ ಕಾರಣ.

ಹಿನ್ನೆಲೆ

ಮೃದು ಪ್ಲಾಸ್ಟಿಕ್ಕಿನ ಎರೆಗಳ ಚರಿತ್ರೆ ಎರೆಹುಳುವಿನಿಂದ ಮೊದಲಾಗುತ್ತದೆ. ೧೯೪೯ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಆಕ್ರನ್ ಪಟ್ಟಣದಲ್ಲಿ ನಿಕ್ ಕ್ರೀಮ್ ಮತ್ತು ಅವರ ಪತ್ನಿ ಕಾಸ್ಮಾ ಪ್ಲಾಸ್ಟಿಕ್ ಎರೆಹುಳುವನ್ನು ತಯಾರಿಸಿ ಮಾರಾಟಕ್ಕೆ ತಂದರು. ಮೀನಿನ ಆಕಾರದ ಮೃದು ಎರೆಗಳು ಅನಂತರ ಬಂದವು.

ದೊಡ್ಡ ಗಾತ್ರದ ಸ್ವಿಮ್‌ಬೇಟುಗಳ ತವರು ದಕ್ಷಿಣ ಕ್ಯಾಲಿಫೋರ್ನಿಯ. ಅಲ್ಲಿನ ಸ್ಯಾನ್ ಡಿಯಾಗೊ ಪ್ರದೇಶದ ಜಲಾಶಯಗಳಿಗೆ ೧೯೫೯ರಲ್ಲಿ ಫ್ಲಾರಿಡದಿಂದ ಹೆಚ್ಚು ದೊಡ್ಡದಾಗಿ ಬೆಳೆಯುವ ಬಾಸ್ ತಳಿಯನ್ನು ತಂದು ಬಿಡಲಾಯಿತು. ಅದೇ ಜಲಾಶಯಗಳಿಗೆ ಚಳಿಗಾಲದಲ್ಲಿ, ಹವ್ಯಾಸಿ ಮೀನುಗಾರರ ಅನುಕೂಲಕ್ಕೆಂದು, ಸಾಕಿದ ರೇನ್‌ಬೋ ಟ್ರೌಟ್ ಮೀನುಗಳನ್ನು ಲಾರಿಗಳಲ್ಲಿ ತಂದು ಬಿಡುವ ವಾಡಿಕೆಯಿತ್ತು. ಟ್ರೌಟ್ ಮನುಷ್ಯರಿಗೆಂದು ಬಂದದ್ದಾದರೂ ಅದರ ಪಾಲು ಬಾಸ್‌ಗೂ ದಕ್ಕಿತು. ಅಂಗೈಯಗಲದ ಟ್ರೌಟನ್ನು ಇಡಿಯಾಗಿ ನುಂಗಿ ಬಾಸ್ ಬಹಳ ಬೇಗ ಕೊಬ್ಬಿತು. ಅಂಥ ಮೀನಿಗೆ ಬೆರಳುದ್ದದ ಎರೆ ರುಚಿಸದು ಎಂಬುದನ್ನು ಕಂಡುಕೊಂಡ ಅಲ್ಲಿನ ಮೀನುಗಾರರು ಟ್ರೌಟಿನಷ್ಟೇ ದೊಡ್ಡದಾದ ಎರೆಗಳನ್ನು ಮೊದಲು ಮರದಲ್ಲಿಯೂ ಅನಂತರ ಮೃದು ಪ್ಲಾಸ್ಟಿಕ್ಕಿನಲ್ಲಿಯೂ ರೂಪಿಸಿದರು. ಕೆನ್ ಹಡಲ್‌ಸ್ಟನ್ ರೂಪಿಸಿದ ಎಂಟು ಅಂಗುಲದ ಟ್ರೌಟ್ ಮಾದರಿ ಇವುಗಳಲ್ಲಿ ಹೆಸರುವಾಸಿಯಾದುದು.

೨೦೧೧ರಲ್ಲಿ ಅಲಬಾಮ ರಾಜ್ಯದ ಗಂಟರ್ಸ್‌ವಿಲ್ ಸರೋವರದಲ್ಲಿ ನಡೆದ ಸ್ಪರ್ಧೆಯನ್ನು ಪಾಲ್ ಎಲಿಯಾಸ್ ಗೆದ್ದಾಗ ಸಣ್ಣ ಸ್ವಿಮ್‌ಬೇಟುಗಳ ಕಡೆಗೂ ಎಲ್ಲರ ಗಮನ ಹರಿಯಿತು. ಆಂಡಿ ಪಾಸ್ ಕಲ್ಪಿಸಿದ 'ಅಲಬಾಮ ರಿಗ್' ಎಂಬ ಸಲಕರಣೆಯನ್ನು ಅವರು ಬಳಸಿದ್ದರು. ಕೊಡೆಯ ಕಡ್ಡಿಗಳಂತೆ ಹರಡಿದ ಐದು ತಂತಿಗಳ ತುದಿಯಲ್ಲಿ ಐದು ಸ್ವಿಮ್‌ಬೇಟುಗಳನ್ನು ಕಟ್ಟಿ, ಮೀನಿನ ಸಣ್ಣ ಹಿಂಡೊಂದು ಸಾಗುತ್ತಿರುವ ನೋಟವನ್ನು ಉಂಟುಮಾಡುವುದು ಅದರ ಉದ್ದೇಶ. ಇದು ಆಟದ ಸತ್ವವನ್ನು ಕೆಡಿಸುತ್ತದೆಂಬ ಆಕ್ಷೇಪ ಬಂದು, ಅಮೆರಿಕದ ಪ್ರಮುಖ ಸ್ಪರ್ಧಾಸರಣಿಯೊಂದರಲ್ಲಿ ಮರುವರ್ಷವೇ ಅದರ ಬಳಕೆಯನ್ನು ನಿಷೇಧಿಸಲಾಯಿತು. ಒಂದು ದಾರಕ್ಕೆ ಎಷ್ಟು ಕೊಕ್ಕೆಗಳಿರಬಹುದು ಎಂಬ ನಿಯಮ ಒಂದೊಂದು ರಾಜ್ಯದಲ್ಲಿ ಒಂದೊಂದು ಬಗೆಯಾಗಿದೆ.

ತಯಾರಿಕೆ ಮತ್ತು ರಚನೆ

ಹೆಚ್ಚಿನ ಸ್ವಿಮ್‌ಬೇಟುಗಳನ್ನು ಪ್ಲಾಸ್ಟಿಸಾಲ್ ಎಂಬ ದ್ರವದಿಂದ ತಯಾರಿಸುತ್ತಾರೆ. ಇದು ಪಿವಿಸಿ ಪುಡಿಯನ್ನು ಮೆದುಕಾರಕ ದ್ರವದಲ್ಲಿ ಕಲಸಿದ ಮಿಶ್ರಣ. ಸುಮಾರು ೧೭೦ರಿಂದ ೧೮೦ ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಅಚ್ಚಿನಲ್ಲಿ ಎರೆದರೆ, ತಣಿದ ಮೇಲೆ ರಬ್ಬರಿನಂತೆ ಬಾಗುವ ವಸ್ತುವಾಗುತ್ತದೆ. ಮೆದುಕಾರಕ ಹೆಚ್ಚಾದರೆ ಎರೆ ಹೆಚ್ಚು ಮೆದುವಾಗಿ, ನಿಧಾನವಾಗಿ ಎಳೆದರೂ ಬಾಲ ಆಡುತ್ತದೆ. ಆದರೆ ಅಷ್ಟೇ ಬೇಗ ಹರಿದುಹೋಗುತ್ತದೆ. ಉಪ್ಪನ್ನು ಬೆರೆಸಿದರೆ ಎರೆ ಭಾರವಾಗಿ ಬೇಗ ಮುಳುಗುತ್ತದೆ.

ಬಾಲವು ದೋಣಿಯ ಹುಟ್ಟಿನ ಅಲಗಿನಂತೆ ಅಗಲವಾಗಿದ್ದು, ಮೈಗೆ ತೆಳುವಾದ ಕಾಂಡವೊಂದರಿಂದ ಸೇರಿಕೊಂಡಿರುತ್ತದೆ. ನೀರು ಅಲಗಿಗೆ ತಡೆದು ಒಂದು ಬದಿಯಿಂದ ಜಾರಿದಾಗ ಬಾಲ ಇನ್ನೊಂದು ಬದಿಗೆ ಸರಿಯುತ್ತದೆ; ಮರುಕ್ಷಣ ಅದೇ ಕ್ರಿಯೆ ಎದುರು ದಿಕ್ಕಿನಲ್ಲಿ ನಡೆಯುತ್ತದೆ. ಅಲಗು ದೊಡ್ಡದಾದಷ್ಟೂ ಬಡಿತ ಬಲವಾಗಿರುತ್ತದೆ, ಮೈಯೂ ಜೊತೆಗೆ ಹೊರಳಾಡುತ್ತದೆ. ಆದರೆ ದೊಡ್ಡ ಅಲಗು ನೀರನ್ನು ಹೆಚ್ಚಾಗಿ ತಡೆಯುವುದರಿಂದ ಎರೆ ಮೇಲಕ್ಕೇಳಲು ನೋಡುತ್ತದೆ. ಕದಡಿದ ನೀರಿಗೆ ಅಗಲವಾದ ಬಾಲವನ್ನೂ ತಿಳಿಯಾದ ತಣ್ಣನೆಯ ನೀರಿಗೆ ಕಿರಿದಾದ ಬಾಲವನ್ನೂ ಆರಿಸುವುದು ರೂಢಿ.

ಮೂರರಿಂದ ಐದು ಅಂಗುಲದವು ಸಾಮಾನ್ಯ ಬಳಕೆಯವು. ಆರು ಅಂಗುಲಕ್ಕೆ ಮೀರಿದವು ದೊಡ್ಡ ಮೀನನ್ನೇ ಗುರಿಯಾಗಿಸಿಕೊಂಡವರಿಗೆ. ಅಂಗಡಿಗಳಲ್ಲಿ ಬಣ್ಣಗಳಿಗೆ ಕೊನೆಯಿಲ್ಲ. ಆ ನೀರಿನಲ್ಲಿ ಬಾಸ್ ತಿನ್ನುವ ಮೀನು ಶ್ಯಾಡ್ ಆಗಿದ್ದರೆ ಬೆಳ್ಳಿ-ಬೂದು, ಬ್ಲೂಗಿಲ್ ಆಗಿದ್ದರೆ ಹಸಿರು-ಕಂದು ಎಂಬಷ್ಟು ವಿವೇಚನೆ ಬಹುಮಟ್ಟಿಗೆ ಸಾಕಾಗುತ್ತದೆ.

ಕೊಕ್ಕೆಗೆ ಪೋಣಿಸುವುದು

ಪೋಣಿಸುವಲ್ಲಿ ಎರಡು ಕ್ರಮಗಳು ಮುಖ್ಯವಾದವು. ಬಯಲು ನೀರಿನಲ್ಲಿ ಜಿಗ್‌ಹೆಡ್ ಬಳಸುತ್ತಾರೆ. ಇದು ತಲೆಯ ಭಾಗದಲ್ಲಿ ಲೋಹದ ಗುಂಡನ್ನು ಎರಕ ಹೊಯ್ದ ಕೊಕ್ಕೆ. ಎರೆಯ ಮೂಗಿನ ನಡುವಿನಿಂದ ಕೊಕ್ಕೆಯನ್ನು ತೂರಿಸಿ ಬೆನ್ನಿನ ನಡುಗೆರೆಯಲ್ಲಿ ಹೊರಗೆ ತರಬೇಕು. ಕೊಕ್ಕೆ ಎಲ್ಲಿ ಹೊರಬರಬೇಕೆಂಬುದನ್ನು ಮೊದಲೇ ಎರೆಯ ಪಕ್ಕದಲ್ಲಿ ಹಿಡಿದು ಗುರುತಿಸಿಕೊಳ್ಳುವುದು ಒಳ್ಳೆಯದು. ಜೊಂಡು ಅಥವಾ ಮರದ ಕೊಂಬೆಗಳಿರುವೆಡೆ, ಹೊಟ್ಟೆಯ ಭಾಗದಲ್ಲಿ ತೂಕವಿರುವ ಅಗಲ ಬಾಗಿನ ಕೊಕ್ಕೆಯನ್ನು ಬಳಸಿ, ಅದರ ಮೊನೆಯನ್ನು ಎರೆಯ ಬೆನ್ನಿನೊಳಗೆ ತುಸುವೇ ಹುದುಗಿಸುತ್ತಾರೆ. ಆಗ ಕೊಕ್ಕೆ ಗಿಡಗಳಿಗೆ ಸಿಕ್ಕಿಕೊಳ್ಳುವುದಿಲ್ಲ. ಹೊಟ್ಟೆಯ ತೂಕ ದೋಣಿಯ ಅಡಿಮರದಂತೆ ಕೆಲಸ ಮಾಡಿ ಎರೆಯನ್ನು ಮಗುಚದಂತೆ ನಿಲ್ಲಿಸುತ್ತದೆ.

ಯಾವ ಕ್ರಮವಾದರೂ ಎರೆ ಕೂದಲೆಳೆಯಷ್ಟೂ ಸೊಟ್ಟಗಿರಬಾರದು. ಸೊಟ್ಟಗಿದ್ದರೆ ಅದು ಗಿರಗಿರನೆ ತಿರುಗುತ್ತದೆ, ದಾರ ಹುರಿಗೊಳ್ಳುತ್ತದೆ, ಮೀನು ಹತ್ತಿರ ಬಂದರೂ ಹಿಂದಿರುಗುತ್ತದೆ. ಹೊಸಬರು ಎರೆ ಸರಿಯಿಲ್ಲವೆಂದು ಬಣ್ಣ ಬದಲಾಯಿಸುತ್ತ ಹೋಗುವ ಹಲವು ಸಂದರ್ಭಗಳಲ್ಲಿ ನಿಜವಾದ ದೋಷ ಪೋಣಿಕೆಯಲ್ಲಿರುತ್ತದೆ. ಎಸೆಯುವ ಮುನ್ನ ದಡದ ಬಳಿಯ ನೀರಿನಲ್ಲಿ ಒಂದೆರಡು ಗಜ ಎಳೆದು ನೋಡಿದರೆ ಇದು ತಿಳಿಯುತ್ತದೆ.

ಎಳೆಯುವ ಕ್ರಮ

ಆಳವನ್ನು ಅಳೆಯಲು ಎಣಿಕೆಯೇ ಸಾಧನ. ಎರೆ ನೀರಿಗೆ ಬಿದ್ದೊಡನೆ ಎಣಿಸಲು ಆರಂಭಿಸಿ, ದಾರ ಸಡಿಲವಾದಾಗ ತಳ ಮುಟ್ಟಿತೆಂದು ತಿಳಿಯಬೇಕು. ಹನ್ನೆರಡಕ್ಕೆ ತಳ ಮುಟ್ಟಿದರೆ, ಮುಂದಿನ ಎಸೆತದಲ್ಲಿ ಹತ್ತಕ್ಕೇ ಎಳೆಯಲು ತೊಡಗಬೇಕು. ಆಗ ಎರೆ ತಳಕ್ಕಿಂತ ತುಸು ಮೇಲೆ ಸಾಗುತ್ತದೆ. ಬಾಸ್ ಕೆಳಗಿನಿಂದ ಮೇಲಕ್ಕೆ ನೋಡಿ ಎರಗುವುದು ಹೆಚ್ಚು. ಆದ್ದರಿಂದ ಎರೆ ಮೀನಿಗಿಂತ ಸ್ವಲ್ಪ ಮೇಲಿದ್ದರೆ ಚಿಂತೆಯಿಲ್ಲ, ಕೆಳಗಿದ್ದರೆ ಮಾತ್ರ ಶ್ರಮ ವ್ಯರ್ಥ. ಹಡಲ್‌ಸ್ಟನ್ ಎರೆಗಳ ಮೇಲೆ ಮುದ್ರಿತವಾದ ೫, ೧೨, ೧೬ ಎಂಬ ಅಂಕೆಗಳು ಇದೇ ಲೆಕ್ಕಕ್ಕೆ ಸೇರಿದವು: ಹತ್ತು ಸೆಕೆಂಡುಗಳಲ್ಲಿ ಎರೆ ಎಷ್ಟು ಅಡಿ ಮುಳುಗುತ್ತದೆಂಬುದನ್ನು ಅವು ಸೂಚಿಸುತ್ತವೆ.

ವೇಗದ ವಿಷಯದಲ್ಲಿ, ಬಾಲ ಆಡುವಷ್ಟು ಮಾತ್ರ ಎಳೆದರೆ ಸಾಕು. ಒಂದೇ ಸಮನೆ ನಿಧಾನವಾಗಿ ರೀಲನ್ನು ಸುತ್ತುವುದೇ ಮೂಲ ಕ್ರಮ. ಕೋಲನ್ನು ತಗ್ಗಿಸಿ ದಾರದ ನೇರಕ್ಕೆ ಹಿಡಿದರೆ ಬಾಲದ ಬಡಿತ ಕೈಗೆ ನಾಡಿಯಂತೆ ತಿಳಿಯುತ್ತದೆ. ಬಡಿತ ನಿಂತರೆ ಬಾಲಕ್ಕೆ ಕಸ ಸುತ್ತಿಕೊಂಡಿದೆ, ಇಲ್ಲವೆ ಮೀನು ಹಿಂದಿನಿಂದ ಬಂದು ಎರೆಯನ್ನು ಬಾಯಿಗೆ ತೆಗೆದುಕೊಂಡಿದೆ. ಕೋಲನ್ನು ಮೇಲಿಂದ ಮೇಲೆ ಜಗ್ಗಿ ಎರೆಗೆ 'ಜೀವ ತುಂಬುವ' ಆಸೆಯನ್ನು ಹತ್ತಿಕ್ಕಬೇಕು. ಗಾಬರಿಗೊಳ್ಳದ ಸಣ್ಣ ಮೀನು ನೆಟ್ಟಗೆ ಈಜುತ್ತದೆ, ಬಾಸ್ ಕಾಯುವುದೂ ಅದಕ್ಕೇ. ಆದರೂ ಎರೆ ಮರದ ಬೊಡ್ಡೆಯನ್ನೋ ಜೊಂಡಿನ ಅಂಚನ್ನೋ ದಾಟುವಾಗ ಒಂದು ಕ್ಷಣ ಸುತ್ತುವುದನ್ನು ನಿಲ್ಲಿಸಿ ಮತ್ತೆ ಆರಂಭಿಸುವುದರಿಂದ, ಹಿಂಬಾಲಿಸುತ್ತಿರುವ ಮೀನು ಕಚ್ಚುವುದುಂಟು.

ರೀಲಿನ ಅನುಪಾತವೂ ಇಲ್ಲಿ ಗಣನೆಗೆ ಬರುತ್ತದೆ. ೬:೧ ಅನುಪಾತವೆಂದರೆ ಹಿಡಿಯನ್ನು ಒಂದು ಸುತ್ತು ತಿರುಗಿಸಿದಾಗ ದಾರದ ಉರುಳೆ ಆರು ಸುತ್ತು ತಿರುಗುತ್ತದೆ. ಅನುಪಾತ ಕಡಿಮೆಯಿದ್ದರೆ ನಿಧಾನವಾಗಿ ಎಳೆಯುವುದು ಸುಲಭ. ದಾರಗಳಲ್ಲಿ ಫ್ಲೋರೊಕಾರ್ಬನ್ ಮುಳುಗುವಂಥದು, ಹೆಣೆದ ದಾರ ತೇಲುವಂಥದು. ದಾರ ದಪ್ಪವಾದಷ್ಟೂ ಎರೆ ಮೇಲೇರುತ್ತದೆ. ದಟ್ಟ ಜೊಂಡಿನಲ್ಲಿ ಮಾತ್ರ ಗಟ್ಟಿಯಾದ ಹೆಣೆದ ದಾರವೇ ಬೇಕು.

ನೀರಿನ ಉಷ್ಣತೆ ೧೦ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಾಗ ಬಾಸ್ ಜಡವಾಗಿ ಆಳಕ್ಕೆ ಸರಿಯುತ್ತದೆ. ಆಗ ತಳಕ್ಕೆ ಒರಸುವಂತೆ ಬಹು ನಿಧಾನವಾಗಿ ಎಳೆಯಬೇಕು. ಬೇಸಿಗೆಯ ಮುಂಜಾನೆ, ಶ್ಯಾಡ್ ಹಿಂಡುಗಳು ಮೇಲ್ಮೈಗೆ ಬಂದಾಗ, ನೀರಿನ ಮೇಲ್ಪದರದಲ್ಲಿ ವೇಗವಾಗಿ ಎಳೆದರೂ ಫಲವುಂಟು.

ಮೀನು ಕಚ್ಚಿದಾಗ

ಹೆಚ್ಚಿನ ಮೀನುಗಳು ಕೈತಪ್ಪುವುದು ಆತುರದಿಂದ. ಬಾಲಕ್ಕೆ ಮೊದಲ ತಟ್ಟು ಬಿದ್ದೊಡನೆ ಕೋಲನ್ನು ಥಟ್ಟನೆ ಮೇಲೆತ್ತಿದರೆ ಎರೆ ಮೀನಿನ ಬಾಯಿಂದ ಜಾರುತ್ತದೆ. ಮೀನಿನ ಭಾರ ತಿಳಿಯುವವರೆಗೆ ರೀಲನ್ನು ಸುತ್ತುತ್ತಲೇ ಇದ್ದು, ಅನಂತರ ಕೋಲನ್ನು ಪಕ್ಕಕ್ಕೆ ಬೀಸಿ ಎಳೆಯುವುದು ಸರಿಯಾದ ಕ್ರಮ. ಕೊಕ್ಕೆಯ ಮೊನೆ ಎರೆಯೊಳಗೆ ಹುದುಗಿದ್ದರೆ ತುಸು ಹೆಚ್ಚಿನ ಬಲ ಬೇಕಾಗುತ್ತದೆ.

ಎರೆ ಸದಾ ಚಲಿಸುತ್ತಿರುವುದರಿಂದ ಕೊಕ್ಕೆ ಸಾಮಾನ್ಯವಾಗಿ ತುಟಿ ಅಥವಾ ದವಡೆಯಲ್ಲಿ ನಾಟುತ್ತದೆ, ಗಂಟಲಿಗೆ ಇಳಿಯುವುದು ಕಡಿಮೆ. ಹಿಡಿದ ಬಾಸನ್ನು ಮರಳಿ ನೀರಿಗೆ ಬಿಡುವ ಪದ್ಧತಿ ಅಮೆರಿಕದಲ್ಲಿ ಬೇರೂರಿರುವುದರಿಂದ ಇದು ಸಣ್ಣ ವಿಷಯವಲ್ಲ. ಬಹಳ ದೊಡ್ಡ ಬಾಸ್ ಸಾಮಾನ್ಯವಾಗಿ ಹೆಣ್ಣಾಗಿರುತ್ತದೆ. ಭಾರವಾದ ಮೀನನ್ನು ದವಡೆಯೊಂದರಿಂದಲೇ ತೂಗುಹಾಕಿ ಹಿಡಿಯದೆ, ಒದ್ದೆ ಕೈಯಿಂದ ಹೊಟ್ಟೆಗೂ ಆಧಾರ ಕೊಟ್ಟು ಬೇಗನೆ ಬಿಡಬೇಕು.

ಜಪಾನಿನ ಸ್ಥಿತಿ ಇದಕ್ಕೆ ವಿರುದ್ಧವಾದುದು. ೧೯೨೫ರಲ್ಲಿ ಆಶಿ ಸರೋವರಕ್ಕೆ ತಂದು ಬಿಟ್ಟ ಬಾಸ್ ಕ್ರಮೇಣ ದೇಶದ ಉದ್ದಗಲಕ್ಕೆ ಹರಡಿ ಸ್ಥಳೀಯ ಮೀನುಗಳನ್ನು ತಿಂದುಹಾಕುತ್ತಿದೆ. ೨೦೦೫ರಿಂದ ಜಾರಿಯಲ್ಲಿರುವ ಕಾನೂನು ಅದನ್ನು ಆಕ್ರಮಣಕಾರಿ ಜೀವಿಗಳ ಪಟ್ಟಿಗೆ ಸೇರಿಸಿದೆ. ಬೀವಾ ಸರೋವರವಿರುವ ಶಿಗಾ ಪ್ರಾಂತದಲ್ಲಿ ಹಿಡಿದ ಬಾಸನ್ನು ಮರಳಿ ನೀರಿಗೆ ಬಿಡುವುದನ್ನೇ ನಿಷೇಧಿಸಲಾಗಿದೆ. ೧೯೩೨ರಲ್ಲಿ ಜಾರ್ಜಿಯ ರಾಜ್ಯದಲ್ಲಿ ಜಾರ್ಜ್ ಪೆರಿ ಹಿಡಿದ ೧೦.೦೯ ಕಿಲೋಗ್ರಾಂ ತೂಕದ ವಿಶ್ವದಾಖಲೆಗೆ ೨೦೦೯ರಲ್ಲಿ ಸರಿಗಟ್ಟಿದ ಮೀನು ಮನಾಬು ಕುರಿತ ಅವರಿಗೆ ದೊರೆತದ್ದು ಇದೇ ಬೀವಾದಲ್ಲಿ. ಅದು ಸಿಕ್ಕಿದ್ದು ಸ್ವಿಮ್‌ಬೇಟಿಗಲ್ಲ, ಜೀವಂತ ಬ್ಲೂಗಿಲ್ ಮೀನಿಗೆ.

ಹರಿದ ಎರೆಗಳ ಸಮಸ್ಯೆ

ಮೃದು ಎರೆ ಹೆಚ್ಚು ಬಾಳುವ ವಸ್ತುವಲ್ಲ. ಕೆಲವು ಮೀನುಗಳು ಕಚ್ಚುವಷ್ಟರಲ್ಲಿ ಮೂಗು ಹರಿದು ಕೊಕ್ಕೆಯಿಂದ ಜಾರತೊಡಗುತ್ತದೆ. ಹೀಗೆ ಹರಿದುದನ್ನು ನೀರಿಗೆಸೆಯುವ ಅಭ್ಯಾಸ ಇನ್ನೂ ಉಳಿದಿದೆ. ಪ್ಲಾಸ್ಟಿಕ್ ಕೊಳೆಯುವುದಿಲ್ಲ, ನೀರಿನಲ್ಲಿ ನೆನೆದು ಉಬ್ಬುವುದುಂಟು. ಬ್ರೂಕ್ ಟ್ರೌಟ್ ಮೀನುಗಳ ಮೇಲೆ ನಡೆಸಿ ೨೦೦೯ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಇಂಥ ಎರೆಗಳನ್ನು ಮೀನುಗಳು ತಾವಾಗಿಯೇ ನುಂಗಿದವು ಮತ್ತು ನುಂಗಿದವುಗಳ ತೂಕ ಇಳಿಯಿತು. ೨೦೧೩ರಲ್ಲಿ ಮೇನ್ ರಾಜ್ಯದ ಶಾಸನಸಭೆಯ ಮುಂದೆ ಇವುಗಳನ್ನು ಪೂರ್ತಿಯಾಗಿ ನಿಷೇಧಿಸುವ ಮಸೂದೆಯೇ ಬಂದಿತ್ತು. ಮೀನುಗಾರರ ವಿರೋಧದಿಂದ ಅದು ಅಧ್ಯಯನವೊಂದಕ್ಕೆ ಸೀಮಿತವಾಯಿತು.

ಜಿಗ್‌ಹೆಡ್‌ನ ಸೀಸವೂ ನಿರಪಾಯಕಾರಿಯಲ್ಲ. ಲೂನ್ ಎಂಬ ಜಲಪಕ್ಷಿ ಅದನ್ನು ನುಂಗಿ ಸಾಯುವುದರಿಂದ ನ್ಯೂ ಹ್ಯಾಂಪ್‌ಶೈರ್, ಮೇನ್ ಮೊದಲಾದ ರಾಜ್ಯಗಳು ಸಣ್ಣ ಸೀಸದ ಗುಂಡುಗಳನ್ನು ನಿರ್ಬಂಧಿಸಿವೆ. ಅದರ ಬದಲಿಗೆ ದುಬಾರಿಯಾದರೂ ಟಂಗ್‌ಸ್ಟನ್ ಬಳಕೆಯಲ್ಲಿದೆ.

ಹರಿದ ಎರೆಯ ಮೂಗನ್ನು ಬಿಸಿಮಾಡಿದ ಲೋಹದ ಅಲಗಿನಿಂದ ಕರಗಿಸಿ ಅಂಟಿಸಬಹುದು. ಅದಕ್ಕೆಂದೇ ತಯಾರಿಸಿದ ಅಂಟೂ ದೊರೆಯುತ್ತದೆ. ಕರಗಿಸುವಾಗ ಹೊರಡುವ ಹೊಗೆಯನ್ನು ಉಸಿರಾಡಬಾರದು, ಈ ಕೆಲಸವನ್ನು ಬಯಲಿನಲ್ಲಿಯೇ ಮಾಡಬೇಕು. ಎರೆಗಳನ್ನು ಅವು ಬಂದ ಚೀಲದಲ್ಲಿಯೇ, ಬಾಲ ಮಡಚದಂತೆ ಇಡುವುದು ಕ್ಷೇಮ. ಬಾಲ ಮಡಚಿಕೊಂಡಿದ್ದರೆ ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ, ನೇರಮಾಡಿ, ತಣ್ಣೀರಿಗೆ ಹಾಕಿದರೆ ಮೊದಲಿನ ಆಕಾರಕ್ಕೆ ಬರುತ್ತದೆ. ಬೇರೆ ಬೇರೆ ಬಣ್ಣದವನ್ನು ಒಟ್ಟಿಗಿಟ್ಟರೆ ಬಣ್ಣ ಒಂದರಿಂದೊಂದಕ್ಕೆ ಹತ್ತುತ್ತದೆ. ಥರ್ಮೋಪ್ಲಾಸ್ಟಿಕ್ ಇಲಾಸ್ಟೋಮರ್ ಎಂಬ ಇನ್ನೊಂದು ವಸ್ತುವಿನಿಂದ ಮಾಡಿದ ಎರೆಗಳು ಪ್ಲಾಸ್ಟಿಸಾಲ್ ಎರೆಗಳಿಗೆ ತಾಗಿದರೆ ಎರಡೂ ಕರಗಿ ಮುದ್ದೆಯಾಗುವುದರಿಂದ ಅವನ್ನು ಬೇರೆ ಪೆಟ್ಟಿಗೆಯಲ್ಲಿಡಬೇಕು.