ಯಾರಿಗೂ ಬೇಡವಾಗಿದ್ದ ಯಂತ್ರ

ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಎಂದರೆ ಕೊಡಾಕ್ ಊರು. ಅಲ್ಲಿದ್ದುಕೊಂಡು ಕೊಡಾಕ್ ಎದುರೇ ಫೋಟೋ ಕಾಗದ ಮಾಡಿ ಮಾರುವುದು ಆಲದ ಮರದ ನೆರಳಲ್ಲಿ ಸಸಿ ನೆಟ್ಟ ಹಾಗೆ. 1906ರಲ್ಲಿ ಶುರುವಾದ ಹಲಾಯ್ಡ್ ಎಂಬ ಪುಟ್ಟ ಕಂಪನಿ ನಲವತ್ತು ವರ್ಷ ಹಾಗೇ ಬದುಕಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಸೇನೆಗೆ ಕಾಗದ ಮಾರಿ ನಾಲ್ಕು ಕಾಸು ಕಂಡಿತ್ತು. ಯುದ್ಧ ಮುಗಿದ ಮೇಲೆ ಮುಂದೇನು ಎಂಬ ಚಿಂತೆ ಜೋಸೆಫ್ ಸಿ. ವಿಲ್ಸನ್‌ನ ಪಾಲಿಗೆ ಬಂತು. ಜೋ ವಿಲ್ಸನ್‌ನ ಅಜ್ಜ ಆ ಕಂಪನಿ ಕಟ್ಟಿದವರಲ್ಲಿ ಒಬ್ಬ, ಊರಿನ ಮೇಯರೂ ಆಗಿದ್ದವನು. ಅಪ್ಪ ಕಂಪನಿಯ ಅಧ್ಯಕ್ಷ. ಹಾರ್ವರ್ಡ್‌ನಲ್ಲಿ ವ್ಯವಹಾರ ಕಲಿತರೂ ಸಾಹಿತ್ಯದ ಪ್ರೀತಿ ಬಿಡದಿದ್ದ ಮಗ 1946ರಲ್ಲಿ, ಮೂವತ್ತಾರರ ಪ್ರಾಯದಲ್ಲಿ, ಅಪ್ಪನ ಕುರ್ಚಿಯಲ್ಲಿ ಕೂತ.

ಅದಕ್ಕೆ ಸ್ವಲ್ಪ ಮುಂಚೆ ಕಂಪನಿಯ ಸಂಶೋಧನಾ ಮುಖ್ಯಸ್ಥ ಜಾನ್ ಡೆಸ್ಸಾವರ್‌ನ ಕಣ್ಣಿಗೆ ಒಂದು ಪುಟ್ಟ ಟಿಪ್ಪಣಿ ಬಿದ್ದಿತ್ತು. ತಂತ್ರಜ್ಞಾನದ ಲೇಖನಗಳ ಸಾರಾಂಶ ಕೊಡುವ ಒಂದು ಮಾಸಿಕದಲ್ಲಿ ಅದು ಅಚ್ಚಾಗಿತ್ತು. ರಾಸಾಯನಿಕಗಳಿಲ್ಲದೆ, ಕತ್ತಲೆ ಕೋಣೆಯಿಲ್ಲದೆ, ಬರೀ ಸ್ಥಿರ ವಿದ್ಯುತ್ತಿನಿಂದ ಚಿತ್ರ ಮೂಡಿಸಬಹುದು ಎಂಬುದು ಅದರ ತಿರುಳು. ಆ ಮಾಸಿಕವನ್ನು ಹೊರತರುತ್ತಿದ್ದದ್ದು ಕೊಡಾಕ್! ದೊಡ್ಡ ಕಂಪನಿ ತಾನೇ ಅಚ್ಚು ಹಾಕಿದ್ದನ್ನು ತಾನು ಗಮನಿಸಲಿಲ್ಲ. ಸಣ್ಣ ಕಂಪನಿಯ ಒಬ್ಬ ಗಮನಿಸಿದ.

ಆ ಟಿಪ್ಪಣಿಯ ಹಿಂದೆ ಇದ್ದವನು ಚೆಸ್ಟರ್ ಕಾರ್ಲ್‌ಸನ್. ಹುಟ್ಟಿದ್ದು 1906ರಲ್ಲಿ. ಅಪ್ಪನಿಗೆ ಕ್ಷಯ, ಸಂಧಿವಾತ. ಮನೆಗೆ ದುಡಿದು ಹಾಕುವ ಭಾರ ಹುಡುಗನ ಮೇಲೆ ಬಿತ್ತು. ಹದಿನೇಳಕ್ಕೆ ತಾಯಿ ಹೋದಳು. ಹೇಗೋ ಓದಿ ಕ್ಯಾಲ್‌ಟೆಕ್‌ನಲ್ಲಿ ಭೌತಶಾಸ್ತ್ರದ ಪದವಿ ಪಡೆದು ಹೊರಬಂದಾಗ 1930, ಅಂದರೆ ಮಹಾ ಆರ್ಥಿಕ ಕುಸಿತ ಶುರುವಾಗಿದ್ದ ಕಾಲ. ಕೊನೆಗೆ ನ್ಯೂಯಾರ್ಕಿನಲ್ಲಿ ಪೇಟೆಂಟ್ ವಿಭಾಗದ ಕೆಲಸ ಸಿಕ್ಕಿತು. ಪೇಟೆಂಟ್ ಕಡತ ಎಂದರೆ ಪುಟಗಟ್ಟಲೆ ಬರಹ, ನಕ್ಷೆ. ಅದಕ್ಕೆ ಹತ್ತಾರು ಪ್ರತಿ ಬೇಕು. ಕೈಯಲ್ಲಿ ಬರೆಯಬೇಕು, ಇಲ್ಲವೇ ಟೈಪ್ ಮಾಡಿ ತಪ್ಪು ಹುಡುಕಬೇಕು, ಅದೂ ಇಲ್ಲವಾದರೆ ಹೊರಗೆ ಕೊಟ್ಟು ಫೋಟೋ ತೆಗೆಸಬೇಕು. ಆತನಿಗೆ ದೃಷ್ಟಿ ಮಂದ. ಅಪ್ಪನ ಸಂಧಿವಾತ ಆತನ ಮೈಗೂ ಇಳಿಯುತ್ತಿತ್ತು. ಗುಂಡಿ ಒತ್ತಿದರೆ ಪ್ರತಿ ಹೊರಬರುವ ಯಂತ್ರವೊಂದು ಕಚೇರಿಯಲ್ಲೇ ಇದ್ದರೆ ಎಂಬ ಆಸೆ ಹುಟ್ಟಿದ್ದು ಈ ನೋವಿನಿಂದ.

ಸಂಜೆಗಳನ್ನು ಆತ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲಿ ಕಳೆದ. ಫೋಟೋ ರಸಾಯನದ ದಾರಿ ಕೊಡಾಕ್‌ನಂಥವರು ಉತ್ತು ಮುಗಿಸಿದ ಹೊಲ ಎಂದು ಗೊತ್ತಿತ್ತು. ಹಂಗೇರಿಯ ಪಾಲ್ ಸೆಲೆನಿ ಎಂಬ ವಿಜ್ಞಾನಿ ವಿದ್ಯುದಾವೇಶದ ಮೇಲೆ ಪುಡಿ ಕೂರಿಸಿ ಚಿತ್ರ ಮಾಡಿದ ಬಗೆಯನ್ನು ಓದಿದಾಗ ದಾರಿ ಕಂಡಿತು. ಕೆಲವು ವಸ್ತುಗಳಿಗೆ ಒಂದು ಗುಣವುಂಟು: ಕತ್ತಲೆಯಲ್ಲಿ ವಿದ್ಯುದಾವೇಶವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ, ಬೆಳಕು ಬಿದ್ದ ಕಡೆ ಬಿಟ್ಟುಕೊಡುತ್ತವೆ. ಗಂಧಕ ಅಂಥದ್ದು. ಗಂಧಕ ಹಚ್ಚಿದ ತಗಡಿಗೆ ಆವೇಶ ತುಂಬಿ ಅಕ್ಷರಗಳ ನೆರಳು ಬೀಳಿಸಿದರೆ ಸುತ್ತಲಿನ ಆವೇಶ ಸೋರಿಹೋಗಿ ಅಕ್ಷರದ ಆಕಾರದಲ್ಲಷ್ಟೇ ಉಳಿಯುತ್ತದೆ. ಪುಡಿ ಎರಚಿದರೆ ಅದು ಅಲ್ಲಿ ಮಾತ್ರ ಅಂಟುತ್ತದೆ. ಇಂದಿಗೂ ನಮ್ಮ ಬೀದಿಯ ಜೆರಾಕ್ಸ್ ಅಂಗಡಿಯ ಯಂತ್ರದ ಹೊಟ್ಟೆಯಲ್ಲಿ ನಡೆಯುವುದು ಇಷ್ಟೇ.

ಮನೆಯ ಅಡುಗೆ ಒಲೆಯ ಮೇಲೇ ಗಂಧಕ ಕಾಯಿಸಿ ವಾಸನೆ ಎಬ್ಬಿಸಿದ ಮೇಲೆ ಆತ ಆಸ್ಟೋರಿಯ ಬಡಾವಣೆಯಲ್ಲಿ ಕೋಣೆಯೊಂದನ್ನು ಬಾಡಿಗೆಗೆ ಹಿಡಿದ. ಆಸ್ಟ್ರಿಯದಿಂದ ವಲಸೆ ಬಂದಿದ್ದ ಒಟ್ಟೊ ಕೋರ್ನೈ ಎಂಬ ಭೌತವಿಜ್ಞಾನಿಯನ್ನು ಸಹಾಯಕ್ಕೆ ಇಟ್ಟುಕೊಂಡ. 1938ರ ಅಕ್ಟೋಬರ್ 22ರಂದು ಕೋರ್ನೈ ಗಾಜಿನ ತುಂಡಿನ ಮೇಲೆ ಮಸಿಯಲ್ಲಿ ಆ ದಿನದ ತಾರೀಕನ್ನೂ ಆಸ್ಟೋರಿಯ ಎಂಬ ಹೆಸರನ್ನೂ ಬರೆದ. ಗಂಧಕದ ತಗಡನ್ನು ಕರವಸ್ತ್ರದಿಂದ ತಿಕ್ಕಿ ಆವೇಶ ತುಂಬಿ, ಗಾಜನ್ನು ಮೇಲಿಟ್ಟು, ಪ್ರಖರವಾದ ದೀಪದ ಕೆಳಗೆ ಕೆಲವು ಕ್ಷಣ ಹಿಡಿದರು. ಗಾಜು ತೆಗೆದು ಲೈಕೊಪೋಡಿಯಂ ಸಸ್ಯದ ನುಣುಪಾದ ಪುಡಿ ಉದುರಿಸಿ ಊದಿದಾಗ ತಗಡಿನ ಮೇಲೆ ಅಕ್ಷರಗಳು ನಿಂತಿದ್ದವು. ಮೇಣದ ಕಾಗದ ಒತ್ತಿ ಅವನ್ನು ಎತ್ತಿಕೊಂಡರು.

1942ರಲ್ಲಿ ಪೇಟೆಂಟ್ ಸಿಕ್ಕಿತು. ಕೊಳ್ಳುವವರು ಸಿಗಲಿಲ್ಲ. ಐಬಿಎಂ, ಜನರಲ್ ಎಲೆಕ್ಟ್ರಿಕ್, ಆರ್‌ಸಿಎ ಸೇರಿ ಇಪ್ಪತ್ತಕ್ಕೂ ಹೆಚ್ಚು ಕಂಪನಿಗಳು ಬೇಡ ಎಂದವು. ಅವರನ್ನು ದೂರುವುದು ಸುಲಭ. ಮಸುಕು ಅಕ್ಷರದ ಒಂದು ಚೂರು ಕಾಗದ ನೋಡಿ ಕೋಟಿಗಳ ವ್ಯಾಪಾರ ಊಹಿಸುವುದು ಯಾರಿಗಾದರೂ ಕಷ್ಟವೇ. 1944ರಲ್ಲಿ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿರುವ ಬ್ಯಾಟೆಲ್ ಸಂಶೋಧನಾ ಸಂಸ್ಥೆ ಪ್ರಯೋಗ ಮುಂದುವರಿಸಲು ಒಪ್ಪಿತು. ಗಂಧಕಕ್ಕಿಂತ ಎಷ್ಟೋ ಪಟ್ಟು ಚುರುಕಾದ ಸೆಲೆನಿಯಂ ಅಲ್ಲೇ ಸಿಕ್ಕಿದ್ದು. ಕರವಸ್ತ್ರದ ಬದಲು ತಂತಿಯಿಂದ ಆವೇಶ ಸಿಂಪಡಿಸುವ ಉಪಾಯವೂ ಅಲ್ಲೇ ಹೊಳೆಯಿತು.

ಡೆಸ್ಸಾವರ್‌ನ ಮಾತು ಕೇಳಿ ವಿಲ್ಸನ್ ಕೊಲಂಬಸ್‌ಗೆ ಹೋದ, ಪ್ರಯೋಗ ನೋಡಿದ. 1947ರ ಜನವರಿಯಿಂದ ಪರವಾನಗಿ ಒಪ್ಪಂದ ಜಾರಿಗೆ ಬಂತು. ವರ್ಷಕ್ಕೆ 25,000 ಡಾಲರ್, ಮೇಲೆ ರಾಯಧನ. ಈ ಒಪ್ಪಂದಗಳ ಕಾನೂನು ಕೆಲಸಕ್ಕೆ ಆತ ಕರೆದದ್ದು ಸಾಲ್ ಲಿನೋವಿಟ್ಸ್ ಎಂಬ ಯುವ ವಕೀಲನನ್ನು. ಇಬ್ಬರಿಗೂ ಪರಿಚಯವಾದದ್ದು ಊರಿನ ನಾಗರಿಕ ಕೆಲಸಗಳಲ್ಲಿ. ಮುಂದೆ ಕಂಪನಿಯ ಅಧ್ಯಕ್ಷನಾಗಿ, ಪನಾಮ ಕಾಲುವೆ ಒಪ್ಪಂದದ ಸಂಧಾನಕಾರನಾಗಿ ಹೆಸರು ಮಾಡಿದವನು ಇವನೇ. ಊರಿನ ಕೆಲಸಕ್ಕೆ ಹೋದವನಿಗೆ ಬಾಳಿನ ಜೊತೆಗಾರನೇ ಸಿಕ್ಕಿದ.

ಮುಂದಿನ ಹನ್ನೆರಡು ವರ್ಷಗಳಿಗೆ ಆವಿಷ್ಕಾರದ ಕತೆಗಳಲ್ಲಿ ಸಾಮಾನ್ಯವಾಗಿ ಒಂದು ಸಾಲೂ ಸಿಗುವುದಿಲ್ಲ. ನನಗೆ ಇಡೀ ಕತೆಯಲ್ಲಿ ಹೆಚ್ಚು ಬೆಲೆಯುಳ್ಳದ್ದು ಅದೇ. 1949ರಲ್ಲಿ ಬಂದ ಮೊದಲ ಯಂತ್ರದಲ್ಲಿ ಒಂದು ಪ್ರತಿಗೆ ಹತ್ತಾರು ಕೈಚಳಕ ಬೇಕಿತ್ತು. ಕಚೇರಿಗಳು ಅದನ್ನು ಹಿಂತಿರುಗಿಸಿದವು. ಆಫ್‌ಸೆಟ್ ಮುದ್ರಣದ ಕಾಗದದ ಅಚ್ಚು ಮಾಡಲು ಅದು ಒದಗುತ್ತದೆ ಎಂದು ಗೊತ್ತಾಗಿ ಕಂಪನಿ ಹೇಗೋ ಉಸಿರು ಹಿಡಿದುಕೊಂಡಿತು. 1947ರಿಂದ 1960ರವರೆಗೆ ಹಲಾಯ್ಡ್ ಈ ತಂತ್ರಕ್ಕೆ ಸುರಿದದ್ದು ಸುಮಾರು ಏಳೂವರೆ ಕೋಟಿ ಡಾಲರ್, ಅಷ್ಟೂ ವರ್ಷಗಳ ಗಳಿಕೆಯ ಹೆಚ್ಚುಕಡಿಮೆ ಎರಡು ಪಟ್ಟು. ನೌಕರರಲ್ಲಿ ಕೆಲವರು ಮನೆ ಅಡವಿಟ್ಟು ಕಂಪನಿಯ ಷೇರು ಕೊಂಡರು. ವಿಲ್ಸನ್ ಪಾಲುದಾರಿಕೆಗೆ ಐಬಿಎಂ ಬಾಗಿಲು ತಟ್ಟಿದಾಗ, ಅದರ ಸಲಹೆಗಾರರು ಇಂಥ ಯಂತ್ರಕ್ಕೆ ಪೇಟೆ ತೀರ ಸಣ್ಣದೆಂದು ವರದಿ ಕೊಟ್ಟರು. ಐಬಿಎಂ ಹಿಂದೆ ಸರಿಯಿತು. ವಿಲ್ಸನ್ ಸರಿಯಲಿಲ್ಲ.

1959ರ ಸೆಪ್ಟೆಂಬರ್ 16ರಂದು 914 ಎಂಬ ಯಂತ್ರ ನ್ಯೂಯಾರ್ಕಿನಲ್ಲಿ ಜನರ ಮುಂದೆ ಬಂತು. 9 ಅಂಗುಲ ಅಗಲ, 14 ಅಂಗುಲ ಉದ್ದದ ಕಾಗದದ ಪ್ರತಿ ತೆಗೆಯುವುದರಿಂದ ಆ ಅಂಕಿ. ತೂಕ 648 ಪೌಂಡ್, ಸುಮಾರು 294 ಕಿಲೋ. ಪ್ರದರ್ಶನಕ್ಕೆ ತಂದ ಎರಡರಲ್ಲಿ ಒಂದು ಹೊತ್ತಿಕೊಂಡಿತು. ಆಮೇಲೆ ಪ್ರತಿ ಯಂತ್ರದ ಜೊತೆ ಬೆಂಕಿ ನಂದಿಸುವ ಸಾಧನವೊಂದನ್ನು ಕಳಿಸಬೇಕಾಯಿತು. ಇಷ್ಟು ದುಬಾರಿ ಯಂತ್ರವನ್ನು ಯಾರು ಕೊಂಡಾರು? ಹಾಗಾಗಿ ಬಾಡಿಗೆಗೆ ಕೊಟ್ಟರು: ತಿಂಗಳಿಗೆ 95 ಡಾಲರ್, 2,000 ಪ್ರತಿ ಉಚಿತ, ಮೇಲಿನ ಪ್ರತಿಯೊಂದಕ್ಕೂ ಕೆಲವೇ ಸೆಂಟ್. ಜನ ಪ್ರತಿ ತೆಗೆಯುವುದನ್ನು ನಿಲ್ಲಿಸಲೇ ಇಲ್ಲ. 1959ರಲ್ಲಿ 3.3 ಕೋಟಿ ಡಾಲರ್ ಇದ್ದ ಮಾರಾಟ 1966ರಲ್ಲಿ 50 ಕೋಟಿ ದಾಟಿತು. ಅಷ್ಟರಲ್ಲಿ ಕಂಪನಿಯ ಹೆಸರು ಜೆರಾಕ್ಸ್ ಎಂದಾಗಿತ್ತು.

ದುಡ್ಡು ಬಂದ ಮೇಲೆ ದಾನ ಮಾಡುವವರು ಎಲ್ಲ ಕಡೆ ಸಿಗುತ್ತಾರೆ. ವಿಲ್ಸನ್ ದುಡ್ಡಿಲ್ಲದಾಗಲೂ ಊರಿನ ಮನುಷ್ಯ. ರಾಚೆಸ್ಟರ್ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯನ್ನು ವರ್ಷಗಟ್ಟಲೆ ನಡೆಸಿದ. ಹಲಾಯ್ಡ್ ಷೇರು ಹಿಡಿದಿದ್ದ ಆ ವಿಶ್ವವಿದ್ಯಾಲಯವೂ ಶ್ರೀಮಂತವಾಯಿತು. 1964ರಲ್ಲಿ ವಿಶ್ವಸಂಸ್ಥೆಯ ಬಗ್ಗೆ ಟಿವಿ ಚಿತ್ರಗಳಿಗಾಗಿ 40 ಲಕ್ಷ ಡಾಲರ್ ಕೊಡುತ್ತೇವೆ ಎಂದು ಜೆರಾಕ್ಸ್ ಹೇಳಿದಾಗ ಬಲಪಂಥೀಯರ ಪ್ರತಿಭಟನೆಯ ಪತ್ರಗಳು ಸಾವಿರಗಟ್ಟಲೆ ಬಂದು ಬಿದ್ದವು. ಕಂಪನಿ ಹಿಂಜರಿಯಲಿಲ್ಲ.

ನಿಜವಾದ ಪರೀಕ್ಷೆ ಮನೆಬಾಗಿಲಲ್ಲೇ ಇತ್ತು. ಅದೇ 1964ರ ಜುಲೈನಲ್ಲಿ ರಾಚೆಸ್ಟರ್‌ನ ಕಪ್ಪು ಜನರ ಬಡಾವಣೆಗಳಲ್ಲಿ ದಂಗೆ ಎದ್ದು ಸೇನಾಪಡೆ ಇಳಿಯಿತು. ಕಾರ್ಖಾನೆಗಳ ಊರಿನಲ್ಲಿ ಕಪ್ಪು ಜನರಿಗೆ ಕೆಲಸವಿರಲಿಲ್ಲ, ಸರಿಯಾದ ಮನೆಯಿರಲಿಲ್ಲ. ಮರುವರ್ಷ ಹುಟ್ಟಿದ ಫೈಟ್ ಸಂಘಟನೆ ನೇರವಾಗಿ ಉದ್ಯೋಗ ಕೇಳಿತು. 1966ರ ಡಿಸೆಂಬರ್‌ನಲ್ಲಿ ಕೊಡಾಕ್‌ನ ಅಧಿಕಾರಿಯೊಬ್ಬ 600 ಜನರಿಗೆ ಕೆಲಸ ಕೊಡುವ ಒಪ್ಪಂದಕ್ಕೆ ಸಹಿ ಹಾಕಿದ. ಎರಡೇ ದಿನದಲ್ಲಿ ಕಂಪನಿ ಅದನ್ನು ತಳ್ಳಿಹಾಕಿತು. ಜೆರಾಕ್ಸ್ ಆ ಸಂಘಟನೆಯ ಜೊತೆ ಕೂತು ಮಾತಾಡಿತು. ಕಪ್ಪು ಸಮುದಾಯದವರೇ ನಡೆಸುವ ಕಾರ್ಖಾನೆ 1968ರಲ್ಲಿ ಎದ್ದುನಿಲ್ಲಲು ನೆರವಾಗಿ ಅಲ್ಲಿ ತಯಾರಾದ ಟ್ರಾನ್ಸ್‌ಫಾರ್ಮರ್‌ಗಳನ್ನು ಕೊಂಡಿತು. 2009ರಲ್ಲಿ ಉರ್ಸುಲಾ ಬರ್ನ್ಸ್ ಜೆರಾಕ್ಸ್ ಮುಖ್ಯಸ್ಥೆಯಾದಳು. ಅಮೆರಿಕದ ಐನೂರು ದೊಡ್ಡ ಕಂಪನಿಗಳ ಪಟ್ಟಿಯಲ್ಲಿ ಒಂದನ್ನು ನಡೆಸಿದ ಮೊದಲ ಕಪ್ಪು ಮಹಿಳೆ ಆಕೆ. ಅದಕ್ಕೆ ಅಡಿಪಾಯ ಆ ವರ್ಷಗಳಲ್ಲೇ ಬಿತ್ತು ಎಂದು ನಾನು ನಂಬುತ್ತೇನೆ.

1971ರ ನವೆಂಬರ್ 22ರಂದು, ಗವರ್ನರ್ ನೆಲ್ಸನ್ ರಾಕ್‌ಫೆಲರ್ ಜೊತೆ ಊಟಕ್ಕೆ ಕೂತಿದ್ದಾಗಲೇ ವಿಲ್ಸನ್ ಕುಸಿದು ಸತ್ತ. ವಯಸ್ಸು 61. ಆತನ ಪಾಕೀಟಿನಲ್ಲಿ ಹಳೆಯ ಕಾರ್ಡೊಂದು ಸಿಕ್ಕಿತು. ತನ್ನ ಬಾಳಿನ ಗುರಿಗಳನ್ನು ಆತ ಅದರಲ್ಲಿ ಬರೆದಿಟ್ಟುಕೊಂಡಿದ್ದ: ಪೂರ್ಣ ಮನುಷ್ಯನಾಗುವುದು, ಮನೆಯನ್ನು ಸಮೃದ್ಧವಾಗಿ ಬಾಳಿಸುವುದು, ಕೆಲಸಗಾರರಿಗೂ ಗಿರಾಕಿಗಳಿಗೂ ಷೇರುದಾರರಿಗೂ ಒಳಿತಾಗುವಂತೆ ಉದ್ಯಮ ನಡೆಸುವುದು, ಒಳಜಗಳದಿಂದ ಒಡೆಯುತ್ತಿರುವ ಸಮಾಜ ಒಂದಾಗಲು ನೆರವಾಗುವುದು. ಹನ್ನೆರಡು ವರ್ಷ ಕಾದವನೂ ದಂಗೆಯಾದ ಊರಿಗೆ ಕೆಲಸ ಕೊಟ್ಟವನೂ ಒಬ್ಬನೇ ಏಕೆ ಎಂಬುದಕ್ಕೆ ಇದಕ್ಕಿಂತ ಬೇರೆ ಉತ್ತರ ನನಗೆ ಬೇಕಿಲ್ಲ.

ಆತ ಸತ್ತ ವರ್ಷವೇ ಜೆರಾಕ್ಸ್ ಇನ್ನೊಂದು ಯೋಜನೆ ತಂದಿತು. ನೌಕರರು ಒಂದು ವರ್ಷದವರೆಗೆ ಪೂರ್ತಿ ಸಂಬಳದ ರಜೆ ಪಡೆದು ತಾವು ಆರಿಸಿಕೊಂಡ ಸಮಾಜಸೇವಾ ಸಂಸ್ಥೆಯಲ್ಲಿ ದುಡಿಯಬಹುದಿತ್ತು, ಮರಳಿ ಬಂದಾಗ ಕೆಲಸ ಕಾದಿರುತ್ತಿತ್ತು. ನಮ್ಮ 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳು ಲಾಭದ ಶೇಕಡಾ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು ಎನ್ನುತ್ತದೆ. ಬೆಂಗಳೂರಿನ ಕಂಪನಿಗಳೂ ಮಾಡುತ್ತಿವೆ. ಹಣದ ಜೊತೆ ಒಳ್ಳೆಯ ಎಂಜಿನಿಯರನ್ನೂ ಲೆಕ್ಕಿಗನನ್ನೂ ಒಂದು ವರ್ಷಕ್ಕೆ ಸರ್ಕಾರಿ ಶಾಲೆಗೆ, ತಾಲ್ಲೂಕು ಆಸ್ಪತ್ರೆಗೆ, ಕೆರೆ ಉಳಿಸುವ ಸಮಿತಿಗೆ ಕಳಿಸಿಕೊಡಿ ಎಂದು ಆ ಕಂಪನಿಗಳ ಮುಖ್ಯಸ್ಥರನ್ನು ಕೇಳಿಕೊಳ್ಳುತ್ತೇನೆ.