ಖರೇ ಹೇಳಿದ ಪಾದ್ರಿ, ಕಹಿ ಆಡಲಿಲ್ಲ

ರೋಣದ ಬಸ್ ನಿಲ್ದಾಣ. ಗಜೇಂದ್ರಗಡದ ಗಾಡಿಗೆ ಕಾಯುತ್ತ ನಿಂತಿದ್ದೆವು. ಪಕ್ಕದಲ್ಲಿ ಒಬ್ಬ ಕಿರಾಣಿ ಅಂಗಡಿಯವರು, ಅವರ ಹಳೇ ಗಿರಾಕಿ ಒಬ್ಬ ಮುದುಕರು.

"ಉದ್ರಿ ಭಾಳ ಆಗೇತ್ರಿ ಕಾಕಾ ಅಂತ ಖರೇ ಹೇಳಿದ್ರ ನಿಮಗ ಸಿಟ್ಟು. ಹೇಳದಿದ್ರ ನನ್ನ ಅಂಗಡಿ ಬಾಗಲಾ ಮುಚ್ಚತೈತಿ. ಏನ ಮಾಡ್ಲಿ ಹೇಳ್ರಿ?"

ಮುದುಕರು ನಕ್ಕರು. "ಹೇಳಪಾ ತಮ್ಮಾ, ಬ್ಯಾಡ ಅನ್ನೂದಿಲ್ಲ. ಆದ್ರ ನಾಕ ಮಂದಿ ಮುಂದ ಹೇಳಬ್ಯಾಡ."

ಇಷ್ಟೇ ಮಾತು. ಆದರೆ ಊರು ನಡೆಸುವವರು ಕಲಿಯಬೇಕಾದ ಪಾಠ ಇದರಲ್ಲಿದೆ. ಸತ್ಯ ಹೇಳಬೇಕು, ಎದುರಿನವನ ಮಾನವನ್ನೂ ಉಳಿಸಬೇಕು. ನಮ್ಮ ಮುಂದಾಳುಗಳಿಗೆ ಒಂದು ಬಂದರೆ ಇನ್ನೊಂದು ಬರುವುದಿಲ್ಲ. ಕೆಲವರು ‘ನಾನು ನೇರ ಮನುಷ್ಯ’ ಎಂದು ಕಂಡ ಕಂಡವರನ್ನು ಬೈಯುತ್ತಾರೆ. ಕೆಲವರು ಬೆಲ್ಲದಂಥ ಮಾತಾಡಿ ಸುಳ್ಳು ಹೇಳಿ ಹೋಗುತ್ತಾರೆ. ಬೆಲ್ಲದ ಮಾತಿನ ರುಚಿ ನರಗುಂದದವರಿಗೆ ಚೆನ್ನಾಗಿ ಗೊತ್ತು. 1980ರ ಜುಲೈನಲ್ಲಿ ರೈತರ ಮೇಲೆ ಗುಂಡು ಹಾರಿದ ಊರದು. ಅಲ್ಲಿಂದ ಇಲ್ಲಿಯವರೆಗೆ ವೇದಿಕೆ ಹತ್ತಿ ನೀರಿನ ಮಾತು ಕೊಟ್ಟವರೆಷ್ಟು ಮಂದಿ!

ಎರಡೂ ಕೂಡಿದ ಒಬ್ಬ ಮುಂದಾಳು ನಮ್ಮ ಸೀಮೆಯಲ್ಲಿಯೇ ಇದ್ದರು. ಅವರು ಪಾದ್ರಿ. ಹೆಸರು ರೆವರೆಂಡ್ ಉತ್ತಂಗಿ ಚನ್ನಪ್ಪ.

ಸಾಲದ ಮಾತು ಬಂದರೆ ನಮ್ಮ ಅಂಗಡಿಗಳಲ್ಲಿ ಸರ್ವಜ್ಞನ ತ್ರಿಪದಿ ಬಾರದೆ ಇರುವುದಿಲ್ಲ. ಆ ತ್ರಿಪದಿಗಳು ಹಿಂದೆ ಮಂದಿಯ ಬಾಯಲ್ಲಿ, ಹಳೇ ಕೈಬರಹದ ಕಟ್ಟುಗಳಲ್ಲಿ ಚೆಲ್ಲಾಪಿಲ್ಲಿಯಾಗಿದ್ದವು. ವರ್ಷಗಟ್ಟಲೆ ದುಡಿದು ಅವನ್ನು ಕೂಡಿಸಿ, ಒಂದಕ್ಕೊಂದು ತಾಳೆ ನೋಡಿ, 1924ರಲ್ಲಿ ಸುಮಾರು 2,000 ತ್ರಿಪದಿಗಳ ಪುಸ್ತಕ ತಂದವರು ಈ ಪಾದ್ರಿಗಳೇ. ಉದ್ರಿ ಕೇಳಲು ಸರ್ವಜ್ಞನನ್ನು ಕರೆಯುವ ಅಂಗಡಿಕಾರರು ಇವರನ್ನೂ ಒಮ್ಮೆ ನೆನೆಯಬೇಕು.

ಬಾಸೆಲ್ ಮಿಶನ್ನಿನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ, ನಮ್ಮ ಬೆಟಗೇರಿಗೆ 1841ರಲ್ಲಿ. ಚನ್ನಪ್ಪನವರು 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಮಂಗಳೂರಿನಲ್ಲಿ ಮಿಶನ್ನಿನ ಧರ್ಮವಿದ್ಯೆ ಕಲಿತು ಪಾದ್ರಿಗಳಾದರು. ಹಳೇ ಕಾಲದ ಮಿಶನರಿಗಳಲ್ಲಿ ಕೆಲವರು ಸಂತೆಯಲ್ಲಿ ನಿಂತು ಮಂದಿಯ ದೇವರನ್ನು ಹೀಗಳೆಯುತ್ತಿದ್ದದ್ದುಂಟು. ಇವರ ದಾರಿ ಬೇರೆ. ತಾವು ಕ್ರಿಸ್ತನನ್ನು ನಂಬಿದವರೆಂಬುದನ್ನು ಯಾರ ಮುಂದೆಯೂ ಮುಚ್ಚಿಡಲಿಲ್ಲ, ಇನ್ನೊಬ್ಬರ ನಂಬಿಕೆಯನ್ನು ಹಳಿಯಲೂ ಇಲ್ಲ. ಹಿಂದೂಗಳಿಗೆ ತಮ್ಮ ಮಾತು ತಿಳಿಸಲು ಬರೆದ ಪುಸ್ತಕಕ್ಕೆ ಇಟ್ಟ ಹೆಸರೇ ನೋಡಿ: ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’. ಅಪ್ಪಣೆಯಲ್ಲ, ಸವಾಲಲ್ಲ, ವಿನಂತಿ! ಸರ್ವಜ್ಞನ ಮಾತು ಚಾಟಿ. ಅದನ್ನು ಕೂಡಿಸಿದವರ ಮಾತು ಮಾತ್ರ ಕೈಮುಗಿದ ಮಾತು.

ಹಾಗೆಂದು ಎಲ್ಲರಿಗೂ ಹೌದು ಹೌದು ಎನ್ನುವ ಗುಣವೂ ಅವರದಲ್ಲ. ಬಸವಣ್ಣನವರ ಕಾಲದ ಅನುಭವ ಮಂಟಪ ನಿಜಕ್ಕೂ ಇತ್ತೋ, ಬರೀ ಕಲ್ಪನೆಯೋ ಎಂದು ವಿದ್ವಾಂಸರಲ್ಲಿ ಜಗಳ ಎದ್ದಿತು. ಪಾದ್ರಿಗಳಿಗೆ ಇದರಲ್ಲೇನು ಕೆಲಸ? ಸುಮ್ಮನೆ ಇದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಅವರು ವಚನಗಳನ್ನು ಅಗೆದು ಆಧಾರ ಹುಡುಕಿದರು. ಇತ್ತು ಎಂದು ಕಂಡಿತು, ಇತ್ತು ಎಂದೇ ‘ಅನುಭವ ಮಂಟಪದ ಐತಿಹಾಸಿಕತೆ’ ಎಂಬ ಪುಸ್ತಕದಲ್ಲಿ ಬರೆದರು. ಮೋಳಿಗೆಯ ಮಾರಯ್ಯ, ರಾಣಿ ಮಹಾದೇವಿ, ಆದಯ್ಯ, ಸಿದ್ಧರಾಮರ ಸಾಹಿತ್ಯವನ್ನೂ ಶೋಧಿಸಿ ಅಚ್ಚು ಹಾಕಿಸಿದರು. ಇಗರ್ಜಿಯ ಪಾದ್ರಿ ಶರಣರ ವಚನ ಹಿಡಿದು ಕೂತರೆ ಅತ್ತ ತಮ್ಮವರಿಗೂ ಅನುಮಾನ, ಇತ್ತ ಹೊರಗಿನವರಿಗೂ ಅನುಮಾನ. ಲಾಭ ನೋಡುವವರು ಮಾಡುವ ಕೆಲಸವಲ್ಲ ಅದು.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನದಲ್ಲಿ ಪೊಲೀಸ್ ಕಾರ್ಯಾಚರಣೆ ನಡೆಯಿತು. ಅದಾಗಿ ವರ್ಷ ತುಂಬುವ ಮೊದಲೇ, 1949ರಲ್ಲಿ, ಕಲಬುರ್ಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಸೇರಿತು. ಜಾತಿ ಮತದ ಗಾಯ ಇನ್ನೂ ಹಸಿ ಇದ್ದ ನೆಲ. ಅಲ್ಲಿ ಕನ್ನಡಿಗರೆಲ್ಲ ಅಧ್ಯಕ್ಷರ ಕುರ್ಚಿಯಲ್ಲಿ ಕೂಡ್ರಿಸಿದ್ದು ಈ ಪಾದ್ರಿಗಳನ್ನು. ಮಂದಿ ಪ್ರೀತಿಯಿಂದ ಅವರನ್ನು ‘ತಿರುಳ್ಗನ್ನಡದ ತಿರುಕ’ ಎಂದು ಕರೆದರು. 1962ರಲ್ಲಿ ತೀರಿಕೊಂಡರು. ಬಿಟ್ಟು ಹೋದದ್ದು ಆಸ್ತಿಯಲ್ಲ, ಪುಸ್ತಕ.

ಕರುಣೆ ಇಲ್ಲದ ಸತ್ಯ ಹಸಿ ಮೆಣಸಿನಕಾಯಿ ಇದ್ದಂತೆ, ಬರೀ ಅದನ್ನೇ ತಿಂದು ಹೊಟ್ಟೆ ತುಂಬದು. ಸತ್ಯ ಇಲ್ಲದ ಕರುಣೆ ತೂಕ ತಪ್ಪಿದ ತಕ್ಕಡಿ, ಇಂದಲ್ಲ ನಾಳೆ ಗಿರಾಕಿಗೆ ಗೊತ್ತಾಗುತ್ತದೆ. ಇಗರ್ಜಿ ಇರಲಿ, ಮಠ ಇರಲಿ, ಮಸೀದಿ ಇರಲಿ, ಪಂಚಾಯತಿ ಇರಲಿ, ಮುಂದೆ ಕೂಡ್ರುವವರಿಗೆ ಎರಡೂ ಬೇಕು.

ಅಷ್ಟರಲ್ಲಿ ಗಜೇಂದ್ರಗಡದ ಗಾಡಿ ಬಂತು. ನೂಕುನುಗ್ಗಲಿನಲ್ಲಿ ಅಂಗಡಿಯವರು ಮುದುಕರ ಕೈ ಹಿಡಿದು ಹತ್ತಿಸಿದರು. ಸೀಟು ಸಿಕ್ಕ ಮೇಲೆ ಕಿವಿಯಲ್ಲಿ ಏನೋ ಮೆಲ್ಲಗೆ ಹೇಳಿದರು. ಮುದುಕರು ತಲೆ ಆಡಿಸಿ, ಧೋತರದ ಗಂಟಿಗೆ ಕೈ ಹಾಕಿದರು.

ಎಷ್ಟು ಕೊಟ್ಟರೋ ನಾವು ನೋಡಲಿಲ್ಲ. ನಾಕ ಮಂದಿ ನೋಡುವ ಲೆಕ್ಕವಲ್ಲ ಅದು.